ಏಳು ಟೈಗಳ ಕೌದಿ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನೀವು ಮುಂದೆ ಓದುತ್ತ ನನ್ನಿಂದ ಏನಾದರೂ ಪರಾಕ್ರಮವನ್ನು ಅಪೇಕ್ಷಿಸೀರಿ. ಹಲ್ಲಿ, ಸಿಡಿಲು, ತಾರು ತರುವ ಜವಾನ, ತಪಾಸಣೆಗೆ ಬರುವ ಸಾಹೇಬ, ಹೀಗೆ ಎಲ್ಲರಂತೆ ಎಲ್ಲದಕ್ಕೂ ಅಂಜಿದವನು. ಆದರೆ ಒಂದು ಕೌದಿಗೆ ಅಂಜಿದವನು ಇಡೀ ಧಾರವಾಡದಲ್ಲಿ ನಾನೊಬ್ಬನೇ ಇರಬೇಕು.

ಆ ಕೌದಿಯಲ್ಲಿ ನನ್ನ ಏಳು ರೇಶಿಮೆಯ ಟೈಗಳಿವೆ. ವಿಲಾಯತಿಗೆ ಮರಳುತ್ತಿದ್ದ ಸಾಹೇಬರೊಬ್ಬರು ನನ್ನ ಇಂಗ್ಲಿಷ್ ಕೇಳಿ, ಮೆಚ್ಚಿಯೋ ಮರುಗಿಯೋ, ಕೊಟ್ಟುಹೋದ ಟೈಗಳು ಅವು. ಯುರೋಪಿನ ಯಾವುದೋ ದಂಡಿನ ಸವಾರರು ಕೊರಳಿಗೆ ಸುತ್ತಿಕೊಳ್ಳುತ್ತಿದ್ದ ವಸ್ತ್ರವೇ ಮುಂದೆ ಟೈ ಆಯಿತೆಂದು ಎಲ್ಲಿಯೋ ಓದಿದ್ದೇನೆ. ಅಂಥ ವೀರರ ವಸ್ತ್ರ ನನ್ನ ಕೊರಳಿಗೆ ಬಂದದ್ದು ಅದರ ದುರ್ದೈವ. ತಲೆಗೆ ರುಮಾಲು, ನಡುವೆ ಕೋಟು ಮತ್ತು ಟೈ, ಕೆಳಗೆ ಕಚ್ಚೆ ಧೋತರ, ಈ ವೇಷದಲ್ಲಿ ಹೈಸ್ಕೂಲಿಗೆ ಪಾಠ ಹೇಳಲು ಹೋಗುತ್ತಿದ್ದೆ. ಊರಿನಲ್ಲಿ ಸ್ವಾತಂತ್ರ್ಯದ ಚಳವಳಿ ಜೋರಾದ ಮೇಲೆ ಟೈ ಕಟ್ಟಲು ಜನರ ಅಂಜಿಕೆ, ಬಿಡಲು ಹೆಡ್‌ಮಾಸ್ತರರ ಅಂಜಿಕೆ. ಕೊನೆಗೆ ಅದನ್ನು ಕಿಸೆಯಲ್ಲಿಟ್ಟುಕೊಂಡು ಹೊರಟು, ಸಾಲೆಯ ಹತ್ತಿರದ ಬೇವಿನ ಮರದ ಮರೆಯಲ್ಲಿ ಕಟ್ಟಿಕೊಳ್ಳತೊಡಗಿದೆ.

ನಮ್ಮ ಡ್ರಾಯಿಂಗ್ ಮಾಸ್ತರರು ಇದನ್ನು ನೋಡಿಟ್ಟಿದ್ದರು. ಒಂದು ಮುಂಜಾನೆ ಅದೇ ಮರದ ಮರೆಯಲ್ಲಿ ನನ್ನ ಕೈಗೆ ಮಡಿಚಿದ ಕಾಗದವೊಂದನ್ನು ತುರುಕಿದರು. ಪೋಲೀಸರಿಗೆ ತಪ್ಪಿಸಿಕೊಂಡು ತಿರುಗುವ ಚಳವಳಿಗಾರರಿಗೆ ಊಟ, ಆಸರೆ ಕೊಡುತ್ತಿದ್ದ ಒಂಬತ್ತು ಮನೆಗಳ ಹೆಸರುಗಳು ಅದರಲ್ಲಿದ್ದವು. ಎಲ್ಲ ಸುತ್ತಲಿನ ಹಳ್ಳಿಗಳ ಮನೆಗಳು, ಕೆಲವು ಹೆಬ್ಬಳ್ಳಿಯವು, ಕೆಲವು ಮುಗದದವು. “ನಾ ಬಂದು ಇಸಗೊಳ್ಳೂತನಕ ಇಟ್ಟಿರ್ರಿ. ನಿಮ್ಮ ಮ್ಯಾಲೆ ಯಾರಿಗೂ ಸಂಶೆ ಬರೂದಿಲ್ಲ,” ಎಂದರು. ಅದು ಹೊಗಳಿಕೆಯೋ ಬೈಗುಳವೋ ಎಂದು ನಾನು ವಿಚಾರ ಮಾಡುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಮರುದಿನದಿಂದ ಸಾಲೆಗೂ ಬರಲಿಲ್ಲ.

ದಿನಕ್ಕೆ ಮೂರು ಸಲ ನಾನು ಒಲೆಯ ಕಡೆ ನೋಡುತ್ತಿದ್ದೆ. ಸುಟ್ಟರೆ ನನ್ನ ಅಂಜಿಕೆ ಮುಗಿಯುತ್ತಿತ್ತು. ಆದರೆ ಅವರು ಬಂದು ಕೇಳಿದರೆ ಏನು ಹೇಳಲಿ? ಸುಡಲೂ ಧೈರ್ಯ ಸಾಲದೆ, ಕಾಗದವನ್ನು ನೀಲಿ ಪಟ್ಟೆಯ ಟೈಯೊಳಗೆ ತುರುಕಿ, ಏಳೂ ಟೈಗಳನ್ನು ಟ್ರಂಕಿನ ತಳದಲ್ಲಿಟ್ಟೆ. ನಾನು ಟೈ ಕಟ್ಟುವುದನ್ನೇ ಬಿಟ್ಟೆನೆಂದು ನಮ್ಮ ಅತ್ಯಾ ತಿಳಿದಳು. ಅತ್ಯಾ ಅಂದರೆ ತಂದೆಯ ಅಕ್ಕ, ನನ್ನನ್ನು ಸಾಕಿದವಳು. ಅವಳ ಕಣ್ಣಿಗೆ ಬಿದ್ದ ಯಾವ ಹಳೆಯ ಅರಿವೆಯೂ ಕೌದಿಯಾಗದೆ ಉಳಿದದ್ದಿಲ್ಲ.

ಒಂದು ಸಂಜೆ ಮನೆಗೆ ಬಂದರೆ ಹಿತ್ತಲ ಹಗ್ಗದ ಮೇಲೆ ನನ್ನ ಟೈಗಳು ತೊಯ್ದು ತೂಗಾಡುತ್ತಿದ್ದವು. ಓಡಿಹೋಗಿ ನೀಲಿ ಪಟ್ಟೆಯದನ್ನು ಹಿಡಿದು ನೋಡಿದೆ, ಒಳಗೆ ಏನೂ ಇರಲಿಲ್ಲ. ಟೈ ಹೊರಗೆ ಎಷ್ಟು ಬಿಗುಮಾನದ್ದೋ ಒಳಗೆ ಅಷ್ಟು ಬಡಪಾಯಿ. ಬೆನ್ನುದ್ದಕ್ಕೂ ಒಂದೇ ಸಡಿಲ ದಾರ, ತುದಿ ಹಿಡಿದು ಎಳೆದರೆ ಇಡೀ ಟೈ ಬಿಚ್ಚಿಕೊಳ್ಳುತ್ತದೆ. ಅತ್ಯಾ ಹಾಗೆ ಏಳನ್ನೂ ಬಿಚ್ಚಿ, ಒಳಗಿನ ಉಣ್ಣೆಯ ಪಟ್ಟಿಯನ್ನು ಬೇರೆ ಮಾಡಿ, ಅಂಟುವಾಳದ ನೀರಲ್ಲಿ ಅದ್ದಿ ತೆಗೆದಿದ್ದಳು. ಬಣ್ಣ ಬಿಡುವ ಕೆಂಪು ಟೈಗೆ ಬೇರೆ ಬೋಗುಣಿ. ರಾತ್ರಿ ಒಣಗಿದ್ದನ್ನು ಕೆಂಡ ತುಂಬಿದ ಹಿತ್ತಾಳೆಯ ತಂಬಿಗೆಯಿಂದ ತಿಕ್ಕುತ್ತ, ಈ ಅರಿವೆಯನ್ನು ಓರೆಯಾಗಿ ಕತ್ತರಿಸಿದ್ದಾರೆ, ಎಳೆದರೆ ಹಿಗ್ಗುತ್ತದೆ, ಅಡಿಯಲ್ಲಿ ಹಳೆಯ ಸೀರೆಯ ತುಂಡು ಕೊಡಬೇಕು ಎಂದು ನನಗೆ ತಿಳಿಸಿ ಹೇಳಿದಳು. ನಾನು ಕೇಳಿದ್ದು ಒಂದೇ ಮಾತು, ಟೈಗಳ ಒಳಗೆ ಏನಾದರೂ ಸಿಕ್ಕಿತೇ ಎಂದು. “ಉಣ್ಣಿ ಅರಿವಿ ಬಿಟ್ಟರ ಇನ್ನೇನ ಇರ್ತದೋ ಅದರಾಗ?” ಎಂದು ಮತ್ತೆ ತಂಬಿಗೆ ಆಡಿಸಿದಳು.

ಕಾಗದ ನೀರಲ್ಲಿ ಕರಗಿತೋ, ಕಸದಲ್ಲಿ ಹೋಯಿತೋ, ಯಾರ ಕೈಗಾದರೂ ಸಿಕ್ಕಿತೋ? ಬಾಯಿಬಿಟ್ಟು ಕೇಳುವಂತಿಲ್ಲ. ಕೌದಿ ಬೆಳೆದಂತೆ ನನ್ನ ಊಟ ಕಡಿಮೆಯಾಯಿತು. ಒಂಬತ್ತು ಮನೆಗಳ ಬಾಗಿಲುಗಳನ್ನು ಪೋಲೀಸರು ಬಡಿಯುವ ಸಪ್ಪಳ ಪಾಠದ ನಡುವೆಯೂ ಕೇಳುತ್ತಿತ್ತು. ಕೌದಿ ಮುಗಿಯುವ ದಿನ ಅತ್ಯಾ ರೂಢಿಯಂತೆ ನಡುಮಧ್ಯದ ತುಂಡಿನ ಕೆಳಗೆ ಒಂದು ಹಿಡಿ ಜೋಳ ಹಾಕಿ ಹೊಲಿದಳು. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದರೆ ಹೊದ್ದವರೂ ಹಸಿಯುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ.

ಮರುದಿನ ಮುಂಜಾನೆಯೇ ಫೌಜದಾರರು ಇಬ್ಬರು ಪೋಲೀಸರೊಂದಿಗೆ ಬಂದರು. ಡ್ರಾಯಿಂಗ್ ಮಾಸ್ತರರ ಪರಿಚಯದವರ ಮನೆಗಳನ್ನೆಲ್ಲ ಶೋಧಿಸುತ್ತಿದ್ದರಂತೆ. ನಾನು ಕಂಬ ಹಿಡಿದು ನಿಂತೆ. ಅತ್ಯಾ ಮಾತ್ರ ಹೊಸ ಕೌದಿಯನ್ನು ತಂದು ಪಡಸಾಲೆಯಲ್ಲಿ ಹಾಸಿ, “ಹೊಸಾ ಕೌದಿ ಅದರಿ. ಮೊದಲ ಮಂದಿ ಕೂತರ ಛಲೋ. ಕೂಡ್ರಿ ಸಾಹೇಬರ,” ಎಂದಳು. ಅವರು ಕುಳಿತರು, ರೇಶಿಮೆಯನ್ನು ಸವರಿದರು, ಕೆಲಸವನ್ನು ಮೆಚ್ಚಿದರು. ಪೋಲೀಸರು ನನ್ನ ಪುಸ್ತಕ, ಟ್ರಂಕು, ಅಕ್ಕಿಯ ಡಬ್ಬಿ, ದೇವರ ಪೆಟ್ಟಿಗೆಯನ್ನೂ ತಿರುವಿಹಾಕಿ ಬರಿಗೈಯಲ್ಲಿ ಬಂದರು. ಫೌಜದಾರರು ಚಹಾ ಕುಡಿದು ಎದ್ದುಹೋದರು.

ಅವರು ಓಣಿ ದಾಟಿದ ಮೇಲೆ ನಾನು ಅತ್ಯಾಗೆ ಎಲ್ಲವನ್ನೂ ಹೇಳಿದೆ. ಕಾಗದ ಹೋಯಿತು, ಮಾಸ್ತರರಿಗೆ ಮುಖ ತೋರಿಸಲಾರೆ ಎಂದೆ. ಅತ್ಯಾ ಕೌದಿಯ ನಡುಮಧ್ಯವನ್ನು ತಟ್ಟಿದಳು. ಜೋಳ ಸರಿದಾಡಿತು, ಅದರೊಡನೆ ಕಾಗದದ ಸಣ್ಣ ಸಪ್ಪಳವೂ ಕೇಳಿತು.

ಅತ್ಯಾಗೆ ಅಕ್ಷರ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಬರುತ್ತಿತ್ತು, ಕೇಳಿದವರು ಯಾರೂ ಇರಲಿಲ್ಲ ಅಷ್ಟೇ. ನನಗೆ ಅಕ್ಷರ ತಿದ್ದಿಸುವಾಗ ಬಾಗಿಲ ಹಿಂದೆ ಕುಳಿತು ನೆಲದ ಮೇಲೆ ತಾನೂ ತಿದ್ದಿದ್ದಳಂತೆ. ಕಾಗದ ಸಿಕ್ಕದ್ದನ್ನು ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ನೀ ಒಲಿಗೆ ಹಾಕ್ತಿದ್ದಿ,” ಎಂದಳು. ಸುಳ್ಳೆನ್ನಲು ನನ್ನಿಂದಾಗಲಿಲ್ಲ. ನಿನಗೆ ಅಂಜಿಕೆಯೇ ಇಲ್ಲವೇ ಅತ್ಯಾ ಎಂದೆ. ಅವಳು ನನ್ನ ಬೆರಳು ಹಿಡಿದು ಆ ನಡುಮಧ್ಯದ ಹೊಲಿಗೆಯ ಮೇಲೆ ಎಳೆದಳು.

“ಇಲ್ಲೆ ನೋಡು. ಬ್ಯಾರೆ ಕಡೆ ಹಿಂಗ ಹೊಲದೇನೇನು?”

ಬೇರೆ ಕಡೆ ಹೊಲಿಗೆಗಳು ಜೋಳದ ಕಾಳಿನಷ್ಟು ದೂರ ದೂರ, ನೆಟ್ಟಗೆ ಸಾಲು ಹಿಡಿದಿದ್ದವು. ಇಲ್ಲಿ ಸೂಜಿ ಹೋದಲ್ಲಿಯೇ ಮತ್ತೆ ಹೋಗಿತ್ತು, ಸಾಲು ಸೊಟ್ಟಾಗಿತ್ತು, ಒಂದು ಕಡೆ ಬೆರಳಿಗೆ ಚುಚ್ಚಿದ ರಕ್ತದ ಕಲೆಯೂ ಇತ್ತು.

ಎರಡು ತಿಂಗಳ ಮೇಲೆ ಮಾಸ್ತರರು ಬಂದು ಕಾಗದ ಒಯ್ದರು. ಆ ತುಂಡನ್ನು ಬಿಚ್ಚಲು ಅತ್ಯಾಗೆ ಅರ್ಧ ದಿನ ಹಿಡಿಯಿತು. ಆ ಸೊಟ್ಟ ಹೊಲಿಗೆಯನ್ನು ಮುಟ್ಟುವವರೆಗೆ ನಮ್ಮ ಮನೆಯಲ್ಲಿ ಅಂಜುವವನು ನಾನೊಬ್ಬನೇ ಎಂದುಕೊಂಡಿದ್ದೆ.