ಅಪ್ಪನ ಕುಡಿತ ಬಿಡಿಸಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೋಲಾರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದಿದೆ. ಓದಿದೆ ಅನ್ನುವುದು ದೊಡ್ಡ ಮಾತು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆಯ ಹಳ್ಳಿಯಲ್ಲಿ, ಮನೆಯೊಳಗೆ ಅರ್ಧ ತೆಲುಗು, ಶಾಲೆಯಲ್ಲಿ ಕನ್ನಡ ಅಂತ ಬೆಳೆದವನನ್ನು ತಂದು ಇಂಗ್ಲಿಷಿನ ಮುಂದೆ ಕೂರಿಸಿದ್ದರು. ಲೆಕ್ಚರರುಗಳು ತಮ್ಮ ಕಾಲದ ಹಳದಿ ಹಾಳೆಯ ನೋಟ್ಸನ್ನು ಓದಿ ಬರೆಸುತ್ತಿದ್ದರು. ಪ್ರಶ್ನೆ ಕೇಳಿದರೆ "ಹಿಂದಿನ ಸಾಲು ಬರ್ಕೊಂಡ್ಯಾ?" ಅನ್ನುತ್ತಿದ್ದರು. ಅವರಿಗೂ ಅರ್ಥವಾಗಿರಲಿಲ್ಲ ಅಂತ ನನ್ನ ಗಟ್ಟಿ ಅನುಮಾನ. ಮೊದಲ ವರ್ಷವೇ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಇನ್ನೊಮ್ಮೆ ಫೇಲಾದರೆ ಗಂಟುಮೂಟೆ ಕಟ್ಟಬೇಕಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ಮಾತ್ರ ಮಗ ಸೈನ್ಸು ಓದ್ತಾನೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಆಗ ಸಿಕ್ಕವರು, ನಾವೆಲ್ಲ ಬ್ರದರ್ ಅಂತ ಕರೆಯುತ್ತಿದ್ದ ಒಬ್ಬ ಬ್ಯಾಂಕ್ ಗುಮಾಸ್ತರು. ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದರು. ಶನಿವಾರ ಮಧ್ಯಾಹ್ನ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಲೇಜು ಹುಡುಗರನ್ನು ಸೇರಿಸಿ ಬೈಬಲ್ ಓದಿಸುತ್ತಿದ್ದರು, ಗಿಟಾರ್ ಬಾರಿಸಿ ಹಾಡಿಸುತ್ತಿದ್ದರು, ಆಮೇಲೆ ಒಂದು ಗಂಟೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಬಂದವರ ಜಾತಿ, ಮತ ಕೇಳುತ್ತಿರಲಿಲ್ಲ. ಗಿಟಾರಿಗೂ ಅವರ ಕಂಠಕ್ಕೂ ಮಾತುಕತೆ ಇರಲಿಲ್ಲ. ಇಂಗ್ಲಿಷಿನ ಆಸೆಗೆ ನಾನು ಆ ಹಾಡನ್ನು ಕಷಾಯ ಕುಡಿದ ಹಾಗೆ ಸಹಿಸಿಕೊಳ್ಳುತ್ತಿದ್ದೆ.

ಸಹಿಸಲಾಗದ್ದು ಸಾಕ್ಷಿ. ವಾರಕ್ಕೊಬ್ಬ ಎದ್ದು ನಿಂತು ತನ್ನ ಹಿಂದಿನ ಬದುಕು ಎಷ್ಟು ಕೆಟ್ಟದಾಗಿತ್ತು, ದೇವರು ಹೇಗೆ ಕೈಹಿಡಿದ ಅಂತ ಹೇಳಬೇಕು. ಅದಕ್ಕೆ ಸಾಕ್ಷಿ ಅನ್ನುತ್ತಿದ್ದರು. ಮುದ್ದೆ ಉಂಡು ಹೊತ್ತಿಗೆ ಮುಂಚೆ ಮಲಗುವ ಹುಡುಗರ ಹತ್ತಿರ ಪಾಪ ಎಲ್ಲಿಂದ ಬರಬೇಕು? ಆದರೂ ಪೈಪೋಟಿಗೆ ಬಿದ್ದು ಹೇಳುತ್ತಿದ್ದರು. ಮಾಲೂರಿನವನೊಬ್ಬ ಒಂದೇ ಒಂದು ಸಿಗರೇಟು ಸೇದಿದ್ದನ್ನು ಅರ್ಧ ಗಂಟೆ ಎಳೆದ. ಶ್ರೀನಿವಾಸಪುರದವನು ತೋಪಿನಲ್ಲಿ ಮಾವಿನಕಾಯಿ ಕದ್ದಿದ್ದನ್ನು ಹೇಳಿ ಗೊಳೋ ಅಂತ ಅತ್ತ. ಶ್ರೀನಿವಾಸಪುರದಲ್ಲಿ ಮಾವಿನಕಾಯಿ ಕದಿಯದವನನ್ನು ಹುಡುಕಿ ತಂದರೆ ಅದು ಪವಾಡ.

ನನ್ನ ಸರದಿ ಬಂತು. ಇವರನ್ನೆಲ್ಲ ಮೀರಿಸಬೇಕೆಂಬ ಕೊಬ್ಬು ನನಗೆ. "ನಮ್ಮಪ್ಪ ದಿನಾ ಕುಡಿದು ಬಂದು ಅಮ್ಮನ್ನ ಹೊಡೀತಾರೆ. ಅದಕ್ಕೆ ನಾನು ದೇವರನ್ನೇ ಬಯ್ಕೊಂಡು ಓಡಾಡ್ತಿದ್ದೆ" ಅಂದೆ. ಮಾವಿನಕಾಯಿಯವನು ಮತ್ತೆ ಕಣ್ಣೊರೆಸಿಕೊಂಡ. ನಾನು ನಗು ತಡೆದುಕೊಂಡೆ. ನಮ್ಮಪ್ಪ ಹೆಂಡ ಮೂಸಿಯೂ ನೋಡಿದವನಲ್ಲ. ಬೀಡಿ ಸೇದಿ ಬಂದವರನ್ನು ಸಹ, ಹುಳಕ್ಕೆ ಆ ವಾಸನೆ ಆಗದು ಅಂತ ರೇಷ್ಮೆಹುಳದ ಮನೆಯೊಳಗೆ ಬಿಡುತ್ತಿರಲಿಲ್ಲ.

ಬ್ರದರ್ ನಂಬಿಬಿಟ್ಟರು. ನನಗೆ ಒಂದು ಮಾತೂ ಹೇಳದೆ, ಮರುದಿನ ಭಾನುವಾರ ಎರಡು ಬಸ್ಸು ಬದಲಾಯಿಸಿ ನಮ್ಮ ಮನೆಗೇ ಹೋದರು.

ಅದು ನನಗೆ ಗೊತ್ತಾದದ್ದು ಹದಿನೈದು ದಿನ ಬಿಟ್ಟು ಊರಿಗೆ ಹೋದಾಗ. ಅಪ್ಪ ಹುಳಕ್ಕೆ ಸೊಪ್ಪು ಹಾಕುತ್ತಲೇ ಕೇಳಿದ.

"ಲೇ ನಾಯ್ನಾ, ನಾನು ಕುಡೀತೀನಂತೆ?"

"ಯಾರಂದ್ರು?" ಅಂದೆ.

"ನಿಮ್ಮ ಬ್ರದರ್ ಬಂದಿದ್ರು. ಜಗಲಿ ಮೇಲೆ ಕೂತು, ಯಜಮಾನ್ರೇ ಕುಡಿಯೋದು ಬಿಡಿ, ಹೆಂಡ್ತೀನ ಹೊಡೀಬೇಡಿ ಅಂತ ನನ್ನ ಕೈ ಹಿಡ್ಕೊಂಡ್ರು. ಆವಯ್ಯನ ಕಣ್ಣಲ್ಲಿ ನೀರು. ಅಕ್ಕಪಕ್ಕದೋರೆಲ್ಲ ಕೇಳಿಸ್ಕೊಂಡ್ರು."

"ನೀನೇನಂದೆ?"

"ಬಿಡ್ತೀನಿ ಸ್ವಾಮಿ ಅಂದೆ." ಅಪ್ಪ ಖಾಲಿ ಬುಟ್ಟಿ ಕೆಳಗಿಟ್ಟ. "ಇಲ್ಲ ಅಂದಿದ್ರೆ ನೀನು ಸುಳ್ಳುಗಾರ ಆಗ್ತಿದ್ದೆ. ಆಮೇಲೆ ಇಂಗ್ಲಿಷು ಯಾರ್ಲಾ ಹೇಳ್ಕೊಡ್ತಾರೆ? ಫೇಲಾಗಿದ್ದೀಯಂತಲ್ಲ, ಅದನ್ನೂ ಅವ್ರೇ ಹೇಳಿದ್ರು. ನಂಗೆ ಹೇಳೋಕೆ ಏನಾಗಿತ್ತು ನಿಂಗೆ?"

ನಾನು ಆ ಖಾಲಿ ಬುಟ್ಟಿ ಎತ್ತಿಕೊಂಡು ಸೊಪ್ಪು ತರಲು ಹೊರಗೆ ಹೋದೆ.

ಮರುದಿನವೇ ಹೋಗಿ ನಿಜ ಹೇಳಿದೆ ಅಂತ ಬರೆದರೆ ಚೆನ್ನಾಗಿರುತ್ತದೆ. ಹೇಳಲಿಲ್ಲ. ಬ್ರದರ್ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಅಂತ ಹೋದ ಕಡೆಯ ಕೂಟಗಳಲ್ಲೆಲ್ಲ ನಮ್ಮಪ್ಪನ ವಿಷಯ ಹೇಳಿ ದೇವರಿಗೆ ಸ್ತೋತ್ರ ಮಾಡಿದರು. ಒಂದು ತೊಟ್ಟೂ ಕುಡಿಯದ ಮನುಷ್ಯ, ಕುಡಿತ ಬಿಟ್ಟವನೆಂದು ನಾಲ್ಕು ತಾಲ್ಲೂಕಿನಲ್ಲಿ ಹೆಸರುವಾಸಿಯಾದ. ನಾನು ತಲೆ ತಗ್ಗಿಸಿ ಆಮೆನ್ ಅಂದುಕೊಂಡು ಇಂಗ್ಲಿಷ್ ಕಲಿತೆ. ಸಿಗರೇಟಿನವನನ್ನೂ ಮಾವಿನಕಾಯಿಯವನನ್ನೂ ಆಡಿಕೊಂಡು ನಕ್ಕವನು ನಾನು. ಅವರ ಪಾಪವಾದರೂ ಅವರದ್ದೇ ಆಗಿತ್ತು. ನಾನೋ, ನನ್ನದನ್ನು ಹೆತ್ತವರ ತಲೆಗೆ ಕಟ್ಟಿದ ಹೇಡಿ.

ಬ್ರದರ್ ಒಂದು ಶನಿವಾರವೂ ಪಾಠ ತಪ್ಪಿಸಲಿಲ್ಲ. ಸಂಬಳ ತೆಗೆದುಕೊಳ್ಳುವ ಲೆಕ್ಚರರುಗಳು ಒಮ್ಮೆಯೂ ನೋಡದ ನನ್ನ ಪುಸ್ತಕದಲ್ಲಿ ಒಂದೊಂದು ವಾಕ್ಯವನ್ನೂ ಕೂತು ತಿದ್ದಿದರು. ಪಾಸಾದೆ.

ಫಲಿತಾಂಶ ಹೇಳಿದಾಗ ಅಪ್ಪ ಬೆನ್ನು ತಟ್ಟಿದ. ಆಮೇಲೆ ಮೆಲ್ಲಗೆ ಅಂದ, "ನಿನ್ನ ಕೆಲ್ಸ ಆಯ್ತಲ್ಲ. ಇನ್ನಾದ್ರೂ ಹೋಗಿ ನನ್ನ ಕುಡಿತ ಬಿಡಿಸೋ. ನಂದು ಬಿಡು. ಬಾವಿ ಹತ್ರ ಹೆಂಗಸ್ರು ನಿಮ್ಮಮ್ಮನ್ನ ಏಟು ತಿಂದೋಳು ಅಂತ ಕನಿಕರ ಮಾಡ್ತಾರೆ."

ಭಾನುವಾರ ಮೊದಲ ಬಸ್ಸಿಗೆ ಕೋಲಾರಕ್ಕೆ ಹೋಗಿ ಎಲ್ಲ ಹೇಳಿದೆ. ಬ್ರದರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

"ಮತ್ತೆ ಅವರು ಯಾಕಪ್ಪ ಒಪ್ಪಿಕೊಂಡ್ರು?"

"ನಾನು ಪಾಸಾಗ್ಲಿ ಅಂತ, ಬ್ರದರ್."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಮುಳಬಾಗಿಲು ಬಸ್ಸು ಎಷ್ಟೊತ್ತಿಗೆ? ನಡಿ. ಅದೇ ಜಗಲಿ ಹತ್ರ, ಅದೇ ಜನರ ಮುಂದೆ, ನಾವಿಬ್ರೂ ನಿಮ್ಮ ಅಪ್ಪ-ಅಮ್ಮನ ಕ್ಷಮೆ ಕೇಳ್ಬೇಕು. ಮೊದಲು ನಾನು ಕೇಳ್ತೀನಿ, ಆಮೇಲೆ ನೀನು."