ತೊಳೆಯದ ಕಂಬಳಿ

ಕಾಕಾ ಅವರ ಎಡಗೈ ಕಿರುಬೆರಳಿನ ತುದಿಯಲ್ಲಿ ಜೋಳದ ನುಚ್ಚಿನಷ್ಟು ಸಣ್ಣ ಕಲೆಗಳು ತುಂಬಿದ್ದವು. ಯಾರಾದರೂ ಕೇಳಿದರೆ ಬೆರಳೆತ್ತಿ, "ನಾಕೂ ಮಕ್ಕಳು ಸಹಿ ಮಾಡ್ಯಾವ್ರಿ" ಎನ್ನುತ್ತಿದ್ದರು. ಮಕ್ಕಳೆಂದರೆ ತೋಳದ ಮರಿಗಳು. ಹಲ್ಲು ಮೂಡುವ ಮೊದಲು ಅವು ಆ ಬೆರಳನ್ನು ಚೀಪಿದವು, ಮೂಡಿದ ಮೇಲೆ ಕಚ್ಚಿದವು. ಬೆರಳು ಹಿಂದೆ ಸರಿದಿದ್ದನ್ನು ನಾನಂತೂ ಕಾಣೆ.

ಕಲಬುರಗಿಯ ಸಣ್ಣದೊಂದು ಮೃಗಾಲಯಕ್ಕೆ ನಾನು ಡಾಕ್ಟರಾಗಿ ಬಂದಾಗ ಕಾಕಾ ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಹಳೆಯ ಕೈ. ಕಮಲಾಪುರದ ಕುರಿ ಕಾಯುವ ಮನೆತನದವರು. ತೋಳವೆಂದರೆ ಆ ಮನೆಗೆ ಹಗೆ. ಅಂಥವರ ಮಡಿಲಿಗೇ ನಾಲ್ಕು ಮರಿಗಳು ಬಿದ್ದವು. ತಾಯಿ ತೋಳ ಹೆತ್ತ ನಾಲ್ಕನೇ ದಿನ ತೀರಿಕೊಂಡಿತ್ತು, ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಕಾಕಾ ತಮ್ಮ ಹಳೆಯ ಕರಿಕಂಬಳಿಯನ್ನು ಬುಟ್ಟಿಯಲ್ಲಿ ಹಾಸಿ ಮರಿಗಳನ್ನು ಮಲಗಿಸಿದರು. ಎರಡೆರಡು ತಾಸಿಗೆ ಬಾಟಲಿಯಲ್ಲಿ ಆಡಿನ ಹಾಲು. ಕುಡಿದಾದ ಮೇಲೆ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆ ಒರೆಸಿ ಉಚ್ಚೆ ಹೊಯ್ಯಿಸುವುದು. ತಾಯಿ ನಾಲಿಗೆಯಿಂದ ಮಾಡುವ ಕೆಲಸವದು. ಯಾವ ಪುಸ್ತಕವನ್ನೂ ಓದದ ಆ ಮನುಷ್ಯ ಅಷ್ಟು ದಪ್ಪ ಬೆರಳುಗಳಲ್ಲಿ ಅಷ್ಟು ಹಗುರಾಗಿ ಹೇಗೆ ಮಾಡುತ್ತಿದ್ದರೋ, ನಾನು ಬಾಯಿ ತೆರೆದು ನೋಡುತ್ತಿದ್ದೆ.

ಆದರೂ ನಾನು ಓದಿ ಬಂದವಳಲ್ಲವೆ! ಆ ಕಂಬಳಿಯ ವಾಸನೆ ನನಗೆ ಸೇರದು. ಒಂದು ದಿನ ಕಾಕಾ ರಜೆ ಹಾಕಿ ಮನೆಗೆ ಹೋದದ್ದೇ ತಡ, ಅದನ್ನು ಕುದಿನೀರಿಗೆ ಹಾಕಿ, ಫಿನಾಯಿಲ್ ಸುರಿದು ತಿಕ್ಕಿಸಿ ಒಣಗಿಸಿದೆ. ದೊಡ್ಡ ಉಪಕಾರ ಮಾಡಿದಂತೆ ಬೀಗಿದೆ.

ಸಂಜೆಯಿಂದ ಮರಿಗಳು ಬಾಟಲಿ ಮುಟ್ಟಲಿಲ್ಲ. ಮುಖ ತಿರುಗಿಸಿ ಕುಂಯ್‌ಗುಟ್ಟಿದವು. ಮರುದಿನ ಬೆಳಗ್ಗೆ ಎಲ್ಲಕ್ಕಿಂತ ಚಿಕ್ಕದರ ಮೈ ತಣ್ಣಗಾಗತೊಡಗಿತು. ನಾನು ಸೂಜಿ, ಔಷಧಿ ಅಂತ ಪರದಾಡುತ್ತಿದ್ದರೆ ಆಗತಾನೇ ಬಂದ ಕಾಕಾ ಕಂಬಳಿಯನ್ನು ಮೂಗಿಗೆ ಹಿಡಿದು ನಿಂತರು.

"ಡಾಕ್ಟ್ರವ್ವ, ಇವಕ್ಕ ಇನ್ನಾ ಮೂಗೇ ಕಣ್ಣು. ನೀವು ಇವುಗಳ ಅವ್ವನ್ನ ತೊಳದು ಹಾಕೀರಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಜೀಪ್ ತಗೀರಿ, ಕಮಲಾಪುರಕ್ಕ ಹೋಗೂನು. ಕುರಿ ವಾಸ್ನಿ ಇರೂ ತೊಳೀದ ಕಂಬಳಿ ಬೇಕು" ಎಂದರು.

ಬಾಳೆತೋಟಗಳನ್ನು ದಾಟಿ, ಗುಡ್ಡದ ಪಕ್ಕದಲ್ಲಿ ಅವರ ತಮ್ಮನ ಕುರಿಹಟ್ಟಿ. ವಿಷಯ ಕೇಳಿ ತಮ್ಮ ಕೆಂಡವಾದ. "ಏ ಅಣ್ಣಾ, ತಲಿ ಗಿಲಿ ಕೆಟ್ಟದೇನು? ಮೊನ್ನಿ ಅಮಾಸಿಗಿ ನನ್ನ ಮೂರು ಕುರಿ ಹೊತ್ಗೊಂಡು ಹೋಗ್ಯಾವ. ಅವುಗಳ ಮರಿಗಿ ನಾ ಕಂಬಳಿ ಕೊಡ್ಲ್ಯಾ?"

"ಹೊತ್ಗೊಂಡು ಹೋಗಿದ್ದು ಇವಲ್ಲೋ ತಮ್ಮಾ. ಇವು ನಿನ್ನಿಯಿಂದ ಹಾಲೇ ಕುಡದಿಲ್ಲ."

ತಮ್ಮ ಕುರಿಗಳ ಕಡೆಗೊಮ್ಮೆ ನೋಡಿದ. ಆಮೇಲೆ ಹೆಗಲ ಮೇಲಿನ ಕಂಬಳಿಯನ್ನು ಕಿತ್ತು ಅಣ್ಣನ ಎದೆಗೆ ಎಸೆದು ಹೊರಟುಹೋದ.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಕಾಕಾ ಅಂಗಿ ಕಳಚಿ, ಬರಿಮೈಗೆ ಆ ಕಂಬಳಿ ಸುತ್ತಿಕೊಂಡು ಜೀಪಿನಲ್ಲಿ ಕೂತು ಕಿಟಕಿ ಏರಿಸಿಬಿಟ್ಟರು. "ಕಾಕಾ, ಸಾಯ್ತೀರಿ!" ಎಂದೆ. "ನನ್ನ ಬೆವರು ಹತ್ತಬೇಕ್ರಿ ಇದಕ್ಕ. ಇಲ್ಲಾಂದ್ರ ಅವು ನಂಬಂಗಿಲ್ಲ" ಎಂದು ಕಣ್ಣು ಮುಚ್ಚಿದರು. ಕಲಬುರಗಿ ಮುಟ್ಟುವಷ್ಟರಲ್ಲಿ ಮನುಷ್ಯ ನೀರಿಳಿದು ಹೋಗಿದ್ದರು. ಕಂಬಳಿಯನ್ನು ಬುಟ್ಟಿಗೆ ಹಾಸಿದ್ದೇ ಮರಿಗಳು ಮೂಗು ತೂರಿಸಿ ತೂರಿಸಿ ಅದರ ಮಡಿಕೆಯೊಳಗೆ ಹೊಕ್ಕವು. ಮೂರು ಮರಿಗಳು ಕೂಡಲೇ ಬಾಟಲಿಗೆ ಬಾಯಿ ಹಾಕಿದವು. ಚಿಕ್ಕದು ಮಾತ್ರ ಕಾಕಾ ಅವರ ಕಿರುಬೆರಳನ್ನು ಒಂದು ತಾಸು ಚೀಪಿ, ಆಮೇಲೆ ಕುಡಿಯಿತು. ನಾನು ಗೋಡೆ ಕಡೆ ತಿರುಗಿ ಅತ್ತೆ. ಇಂದಿಗೂ ಅದು ನನಗೆ ಪವಾಡವೇ.

ಮರಿಗಳು ಮಾಂಸ ತಿನ್ನಲು ಕಲಿತು ದೊಡ್ಡ ಆವರಣಕ್ಕೆ ಹೋದ ಮೇಲೆ ಕಾಕಾ ಅವನ್ನು ಮುಟ್ಟಲೇ ಇಲ್ಲ. ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ, ತಮ್ಮ ವಾಸನೆ ಅವಕ್ಕೆ ತಾಗದಷ್ಟು ದೂರದಲ್ಲಿ ನಿಂತು ನೋಡುತ್ತಿದ್ದರು. "ತೋಳ ಆಗಬೇಕ್ರಿ ಅವು. ನನ್ನ ಹಿಂದ ಬರೂ ನಾಯಿ ಆಗಬಾರದು" ಎನ್ನುತ್ತಿದ್ದರು.

ಹೋದ ವರ್ಷ ಕಾಕಾ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಅವರ ತಮ್ಮ ಬಸ್ಸು ಹತ್ತಿ ಮೃಗಾಲಯಕ್ಕೆ ಬಂದ. ಕೈಯಲ್ಲಿ ಅಣ್ಣನ ಕೊನೆಯ ದಿನಗಳ ಹೊದಿಕೆ, ಒಂದು ಕರಿಕಂಬಳಿ.

"ಮನ್ಯಾಗಿನ ಬಟ್ಟಿ ಎಲ್ಲಾ ತೊಳದೀವ್ರಿ. ಇದೊಂದು ತೊಳದಿಲ್ಲ."

ತೋಳಗಳನ್ನು ಅವು ಮಲಗುವ ಒಳಮನೆಗೆ ಸರಿಸಿ, ಆವರಣದ ಬಂಡೆಯ ಮೇಲೆ ಅದನ್ನು ಹಾಸಿ ಬಂದು, ಮತ್ತೆ ಬಾಗಿಲು ಎತ್ತಿಸಿದೆ. ಅಂದಿನ ಆ ಚಿಕ್ಕ ಮರಿ, ಈಗ ಗುಂಪಿಗೇ ಯಜಮಾನಿ, ಎಲ್ಲಕ್ಕಿಂತ ಮೊದಲು ಬಂತು. ಮೂಸಿತು. ಕಾಲು ಮಡಚಿ ಕೂತು, ಮೂಗನ್ನು ಕಂಬಳಿಯ ಮಡಿಕೆಯೊಳಗೆ ತೂರಿಸಿ ಕಣ್ಣು ಮುಚ್ಚಿತು.

ಕುರಿ ಕಾಯುವ ಆ ತಮ್ಮ ತನ್ನ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ನನ್ನ ಕುರಿ ತಿಂದ ಕುಲಾ ಇದು" ಎಂದ ಮೆಲ್ಲಗೆ. "ನೋಡ್ರಿ, ನಮ್ಮಣ್ಣನ್ನ ನನಕಿಂತ ಚಂದ ಗುರ್ತ ಹಿಡದದ."