ಲಿಂಕ್ ಸೋಸುತ್ತಿದ್ದ ನನ್ನ ನೆಗೆಣ್ಣಿ

ರೊಟ್ಟಿ ಬಡಿದ ಕೈಯನ್ನು ಎಷ್ಟು ತೊಳೆದರೂ ನನ್ನ ನೆಗೆಣ್ಣಿಯ ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಉಳಿಯುತ್ತಿತ್ತು. ಆ ಬೆರಳುಗಳಿಂದಲೇ ಕೀಬೋರ್ಡ್ ಕುಟ್ಟುತ್ತಿದ್ದಳು, ಕೆಳಗೆ ನೋಡದೆ, ಸರಸರ. ನನಗೆ ಮೈಯೆಲ್ಲ ಉರಿಯುತ್ತಿತ್ತು. ತೊಂಬತ್ತರ ದಶಕದ ಕೊನೆ. ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಮನೆಯವರು ಕಂಪ್ಯೂಟರ್ ತರಗತಿ ತೆರೆದ ಹೊಸತು. ಸೊಸೆಯರಿಬ್ಬರೂ ಕಲಿತವರೇ. ಆದರೂ ಮಾವನ ಬಾಯಲ್ಲಿ ದೊಡ್ಡ ಸೊಸೆಯದೇ ಜಪ!

ತರಗತಿಗೊಂದು ವೆಬ್ ಪುಟ ಮಾಡಿದವಳೂ ಅವಳೇ. ನೋಡಿದವರು ನಾಲ್ಕು ಮಾತು ಬರೆಯಲು ಅದರಲ್ಲಿ ಜಾಗವಿತ್ತು. ಒಮ್ಮೆ ಯಾರೋ ಅಲ್ಲಿ ಹೊಲಸು ಪುಟದ ಲಿಂಕ್ ಹಾಕಿದರು. ತರಗತಿಗೆ ಬರುವ ಹುಡುಗಿಯರ ಮುಂದೆ ಅದು ತೆರೆದುಕೊಂಡು ದೊಡ್ಡ ರಂಪವಾಯಿತು. ಅಂದಿನಿಂದ ಅವಳು ಜರಡಿಯೊಂದನ್ನು ಕೂರಿಸಿದಳು. ತಾನು ಒಪ್ಪಿದ ಡೊಮೇನ್‌ಗಳ, ಅಂದರೆ ವಿಳಾಸದ ಮೊದಲಿಗೆ ಬರುವ ತಾಣದ ಹೆಸರುಗಳ, ಲಿಂಕ್ ಮಾತ್ರ ಕೆಲಸ ಮಾಡುತ್ತಿತ್ತು. ಉಳಿದವುಗಳ ಅಕ್ಷರವಿರುತ್ತಿತ್ತು, ಒತ್ತಿದರೆ ಏನೂ ತೆರೆಯುತ್ತಿರಲಿಲ್ಲ.

ಕರಜಗಿಯಲ್ಲಿದ್ದ ನನ್ನ ತಮ್ಮ ಸಾವಿರಾರು ಜನ ಬಿಟ್ಟಿಯಾಗಿ ಪುಟ ಮಾಡಿಕೊಳ್ಳುವ ಡೊಮೇನೊಂದರಲ್ಲಿ ತನ್ನದೊಂದು ಪುಟ ಮಾಡಿ, ಅದರ ಲಿಂಕನ್ನು ನಮ್ಮಲ್ಲಿ ಬರೆದ. ಅದೂ ಸತ್ತು ಬಿತ್ತು. ದೀಪಾವಳಿಗೆ ಅಪ್ಪ ಬರುವವರಿದ್ದರು. ಬೀಗರ ಎದುರಿಗೇ ಮಗನ ಪುಟ ತೋರಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

“ನನ್ನ ತವರಂದ್ರ ನಿನಗ ಯಾಕಷ್ಟು ಹೊಟ್ಟಿಕಿಚ್ಚು ಅಕ್ಕಾ? ನನ್ನ ತಮ್ಮ ಏನು ಹೊಲಸು ಬರದಾನ?”

“ಅವ ಅಲ್ಲ ಬೇ, ಅವನ ಬಾಜೂದವ್ರು. ಆ ಡೊಮೇನ್ ಒಳಗ ಬಿಟ್ರ ಅದರಾಗಿನ ಎಲ್ಲಾರೂ ನುಗ್ತಾರ. ತಡಿ, ನೋಡ್ತೇನಿ.”

ನೋಡುವುದೇನು ಮಣ್ಣು, ಬೇಕೆಂದೇ ಮಾಡುತ್ತಿದ್ದಾಳೆ ಎಂದು ಅವಳೊಡನೆ ಮಾತು ಬಿಟ್ಟೆ.

ಅಪ್ಪ ಬಂದರು. ನಾನು ಕಂಪ್ಯೂಟರ್ ಸುದ್ದಿಯನ್ನೇ ಎತ್ತಲಿಲ್ಲ. ಅವಳೇ ಕರೆದಳು: “ಬರ್ರಿ ಕಾಕಾ, ಮಗನ ಪುಟ ನೋಡ್ರಿ.” ಒತ್ತಿದಳು. ತೆರೆಯಿತು! ಡೊಮೇನಿನ ಹೆಸರಷ್ಟೇ ನೋಡುತ್ತಿದ್ದ ಜರಡಿಗೆ ಅದರ ನಂತರದ ವಿಳಾಸವನ್ನೂ ನೋಡಲು ಕಲಿಸಿ, ನನ್ನ ತಮ್ಮನೊಬ್ಬನನ್ನೇ ಒಳಗೆ ಬಿಟ್ಟಿದ್ದಳು. ಅಪ್ಪ ಹಿಗ್ಗಿ ಹೀರೇಕಾಯಿಯಾದರು. “ನಿಮ್ಮಕ್ಕ ಭಾಳ ಶ್ಯಾಣ್ಯಾಕಿ ಇದ್ದಾಳ ನೋಡವ್ವಾ” ಎಂದರು. ಮಾನ ಉಳಿದದ್ದು ನನ್ನ ತವರಿನದು, ಹೊಗಳಿಕೆ ಮಾತ್ರ ಅವಳಿಗೆ! ಚಹಾ ತರುವ ನೆಪದಲ್ಲಿ ಒಳಗೆ ಹೋಗಿ ಪಾತ್ರೆ ಕುಕ್ಕಿದೆ.

ಆಮೇಲೆ ಜರಡಿ ಕಟ್ಟುವುದನ್ನು ನನಗೂ ಹೇಳಿಕೊಟ್ಟಳು. ಹಲ್ಲು ಕಚ್ಚಿಕೊಂಡು ಕಲಿತೆ. ಇವತ್ತು ನಾನು ಉಣ್ಣುವ ಅನ್ನ ಅದೇ ಕೆಲಸದ್ದು.

ಕೆಲವು ವರ್ಷಗಳಲ್ಲಿ ಕಾಮಾಲೆಯಾಗಿ ಅವಳು ಹೋಗಿಬಿಟ್ಟಳು. ಕರಜಗಿಯಿಂದ ಓಡಿಬಂದ ನನ್ನ ತಮ್ಮ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ದಾಟಿ ಹೋಗಿ, ನಮ್ಮ ಪದ್ಧತಿಯಂತೆ ಕೂರಿಸಿದ್ದ ಅವಳ ಹೆಣದ ಕಾಲ ಬಳಿ ಕುಸಿದು “ಯಕ್ಕಾ” ಎಂದು ಗೋಳಾಡಿದ. ಹುಟ್ಟಿದಾಗಿನಿಂದ ಅವನು ಹಾಗೆ ಕರೆದದ್ದು ನನ್ನೊಬ್ಬಳನ್ನೇ. ನನಗೂ ಅಳು ಬಂತು. ಅದಕ್ಕಿಂತ ಮೊದಲು ಹೊಟ್ಟೆ ಉರಿಯಿತು.